ಎರಡನೆಯ ಸಾಸಿವೆ ಕಾಳು

ಮಹಡಿಯ ಮೇಲಿನ ತಂತಿಗೆ ಚಾದರ ಹರವಲೆಂದು ಎರಡೂ ಕೈ ಮೇಲೆತ್ತಿದಾಗ ಅವಳ ಬಲ ಕಂಕುಳಲ್ಲಿ ಏನೋ ತಡೆದಂತಾಯಿತು. ನೋವಲ್ಲ, ತುರಿಕೆಯೂ ಅಲ್ಲ. ಹೊಸ ಅಂಗಿಯೊಳಗೆ ಕಿತ್ತುಹಾಕಲು ಮರೆತ ಚೀಟಿಯ ಮೂಲೆ ತಾಗುತ್ತದಲ್ಲ, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಭುಜ ಕೊಡವಿ ಮುಂದಿನ ಚಾದರಕ್ಕೆ ಕೈ ಹಾಕುತ್ತಿದ್ದರು. ಅವಳು ಮಾತ್ರ ಎತ್ತಿದ ಕೈ ಎತ್ತಿದಂತೆಯೇ ನಿಂತುಬಿಟ್ಟಳು.

ಪಕ್ಕದಲ್ಲಿ ಮಗಳು ಫ್ರಾಕಿನ ಮಡಿಲ ತುಂಬ ಕ್ಲಿಪ್ಪುಗಳನ್ನು ಹಾಕಿಕೊಂಡು ಕಾಯುತ್ತಿದ್ದಳು. ಶಾಲೆಗೆ ಹೊರಡುವ ಮೊದಲು ಅಮ್ಮನಿಗೆ ಒಂದೊಂದಾಗಿ ಕ್ಲಿಪ್ಪು ಎಟುಕಿಸುವುದು ಅವಳ ಪಾಲಿನ ಕೆಲಸ.

"ತಗೋ ಅಮ್ಮ."

"ಇರು, ಈಗ ಬಂದೆ."

"ಎಲ್ಲಿಗೆ?"

"ಬಚ್ಚಲಿಗೆ."

"ಈಗಷ್ಟೇ ಹೋಗಿ ಬಂದ್ಯಲ್ಲ?"

"ಅಮ್ಮಂದಿರಿಗೂ ಎರಡು ಸಲ ಬರುತ್ತೆ ಕಣೆ," ಎಂದು ಅವಳು ಮೆಟ್ಟಿಲಿಳಿದಳು. ಹಿಂದೆ, ಅರ್ಧ ಹರವಿದ ಚಾದರ ತನ್ನ ಒದ್ದೆ ಭಾರಕ್ಕೆ ತಾನೇ ಜಾರಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಬಚ್ಚಲುಮನೆಯ ಬಾಗಿಲ ಚಿಲಕ ಹಾಕಿ, ಅಂಗಿ ಕಳಚಿ, ಕನ್ನಡಿಯ ಮುಂದೆ ಕೈ ಎತ್ತಿದಳು. ಇತ್ತು. ಸಾಸಿವೆ ಕಾಳಿನ ಅರ್ಧದಷ್ಟು, ಕಂದು ಬಣ್ಣದ್ದು, ಚರ್ಮದ ಮಡಿಕೆಯಲ್ಲಿ ತಲೆ ಹುದುಗಿಸಿಕೊಂಡು ಸ್ವಂತ ಮನೆಯಲ್ಲಿ ಮಲಗಿದಂತೆ ನಿಶ್ಚಿಂತೆಯಾಗಿತ್ತು. ಮರಿ ಉಣ್ಣಿ. ಮೊಳೆಗೆ ನೇತುಹಾಕಿದ್ದ ಚಿಮಟವನ್ನು ತೆಗೆದುಕೊಂಡು, ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ, ಅವಸರ ಮಾಡದೆ ನೇರವಾಗಿ ಎಳೆದಳು. ಬೇರೆಯವರಿಗೆ ಎಷ್ಟೋ ಸಲ ತೆಗೆದುಕೊಟ್ಟ ಕೈ ಅದು.

ಆ ಓಣಿಯಲ್ಲಿ ಎಲ್ಲರೂ ಅವಳನ್ನು ಲಾಂಡ್ರಿ ಸೊಸೆ ಅಂತಲೇ ಕರೆಯುವುದು. ಕೆಳಗೆ ಲಾಂಡ್ರಿ, ಮೇಲೆ ಮನೆ, ಅದರ ಮೇಲೆ ಬಟ್ಟೆ ಒಣಗಿಸುವ ಮಹಡಿ. ಗಂಡ ಯಂತ್ರಗಳನ್ನೂ ಇಸ್ತ್ರಿಯನ್ನೂ ನೋಡಿಕೊಂಡರೆ, ಅತ್ತೆ ಮುಂದಿನ ಕಟ್ಟೆಯ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂತು ಬಟ್ಟೆ ಪಡೆಯುವುದು, ಕೊಡುವುದು, ಬಂದವರ ಮನೆಕಥೆ ಕೇಳುವುದು. ಮಳೆಗಾಲದಲ್ಲಿ ಸೊಸೆಯೂ ಅಲ್ಲೇ. ಮಳೆ ನಿಂತು, ಎಲೆಗಳುದುರಿ, ಕಾಡಿನ ನೆಲ ಗರಿಗರಿಯಾಯಿತೆಂದರೆ ಮಾತ್ರ ದಿನಾ ಬೆಳಗ್ಗೆ ಓಣಿಯ ತಿರುವಿನಲ್ಲಿ ಒಂದು ಜೀಪು ಬಂದು ಹಾರನ್ ಹೊಡೆಯುತ್ತದೆ. ಉಣ್ಣಿ ಕಚ್ಚಿ ಹರಡುವ ಕಾಡುಜ್ವರದ ಅಧ್ಯಯನ ಮಾಡುವ ತಂಡದ್ದು. ಮತ್ತೆ ಮಳೆ ಬೀಳುವವರೆಗೆ ಅವಳು ಆ ತಂಡದವಳು.

ಕೆಲಸ ಕೇಳಿದರೆ ನಗು ಬರಬೇಕು. ಒಂದು ಕೋಲಿಗೆ ಕಟ್ಟಿದ ದಪ್ಪ ಬಿಳಿ ಬಟ್ಟೆಯನ್ನು ಕಾಡಿನ ತರಗೆಲೆಯ ಮೇಲೆ ನಿಧಾನವಾಗಿ ಎಳೆದುಕೊಂಡು ಹೋಗಬೇಕು. ಸ್ವಲ್ಪ ದೂರ ಹೋಗಿ, ಬಟ್ಟೆ ಮಗುಚಿ, ಅದಕ್ಕೆ ಅಂಟಿಕೊಂಡ ಉಣ್ಣಿಗಳನ್ನು ಚಿಮಟದಿಂದ ಎತ್ತಿ ಸೀಸೆಗೆ ತುಂಬಿಸಬೇಕು. ದನ ಮೇಯುವ ಅಂಚಿನಲ್ಲಿ ಎಷ್ಟು, ಒಳಗಿನ ದಟ್ಟ ಕಾಡಿನಲ್ಲಿ ಎಷ್ಟು, ಮರ ಕಡಿದು ಬಯಲಾದ ಕಡೆ ಎಷ್ಟು ಎಂದು ನೋಡಬೇಕು. ಜೊತೆಗೆ ಬೋನಿಟ್ಟು ಇಲಿ ಹಿಡಿದು, ಕಿವಿಗೊಂದು ಗುರುತು ಹಾಕಿ, ಮತ್ತೆ ಬಿಡಬೇಕು. "ಈ ವರ್ಷ ಮರ ಜಾಸ್ತಿ ಕಾಯಿ ಬಿಡ್ತು ಅಂದ್ರೆ ಮುಂದಿನ ವರ್ಷ ಇಲಿ ಜಾಸ್ತಿ, ಅದರ ಮುಂದಿನ ವರ್ಷ ಉಣ್ಣಿ ಜಾಸ್ತಿ. ಕಾಡು ಯಾವುದನ್ನೂ ಅದೇ ದಿನ ಹೇಳಲ್ಲ," ಎನ್ನುತ್ತಾಳೆ ತಂಡದ ಮುಖ್ಯಸ್ಥೆ. ಅವಳು ಓದಿದ್ದು ಪ್ರಾಣಿಗಳ ವೈದ್ಯಕೀಯವಾದರೂ ಎಲ್ಲರ ಬಾಯಲ್ಲೂ ಡಾಕ್ಟರಕ್ಕ.

ಅತ್ತೆಗೆ ಈ ಕೆಲಸದ ಬಗ್ಗೆ ಅವರದೇ ಒಂದು ಮಾತಿದೆ, ಗಿರಾಕಿಗಳೆದುರು ವರ್ಷಕ್ಕೊಂದು ಸಲವಾದರೂ ಅದು ಬರಲೇಬೇಕು. "ನಾವು ಊರಿನವರ ಕೊಳೆ ಬಟ್ಟೆ ತಂದು ಬೆಳ್ಳಗೆ ಮಾಡ್ತೀವಿ. ನಮ್ಮ ಸೊಸೆ ಬೆಳ್ಳಗಿನ ಬಟ್ಟೆ ತಗೊಂಡು ಹೋಗಿ ಕಾಡು ಒರೆಸಿ ಬರ್ತಾಳೆ."

ಕಾಡಿನಿಂದ ಬಂದವಳು ಸೀದಾ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಬೂಟು ಹೊರಗೆ. ಬಟ್ಟೆಯೆಲ್ಲ ಚೀಲಕ್ಕೆ, ಚೀಲ ನೇರ ಕೆಳಗಿನ ಬಿಸಿಗಾಳಿ ಯಂತ್ರಕ್ಕೆ. ಆ ಶಾಖಕ್ಕೆ ಎಂಥ ಉಣ್ಣಿಯೂ ಬದುಕುವುದಿಲ್ಲ. ಅದರ ಮೇಲೆ ಗಂಡ ಇಸ್ತ್ರಿಯನ್ನೂ ಎಳೆಯುತ್ತಾನೆ. "ಉಣ್ಣಿಗೆ ಇಸ್ತ್ರಿ ಹಾಕಿದ ಗಂಡಸು ಈ ಭೂಮಿ ಮೇಲೆ ನಾನೊಬ್ಬನೇ ಇರಬೇಕು," ಎನ್ನುವುದು ಅವನ ಹೆಮ್ಮೆ.

ಆಮೇಲೆ ತಪಾಸಣೆ. ಅದು ಮಗಳದ್ದು. ಬಚ್ಚಲುಮನೆಯ ಮುಕ್ಕಾಲುಮಣೆಯ ಮೇಲೆ ಅಮ್ಮನನ್ನು ಕೂರಿಸಿ, ಟಾರ್ಚು ಹಿಡಿದು, ಕೂದಲ ಬುಡ, ಕಿವಿಯ ಹಿಂಭಾಗ, ಕತ್ತು, ಬೆನ್ನು, ಕಂಕುಳು, ಸೊಂಟ, ಮೊಣಕಾಲ ಹಿಂದಿನ ಮಡಿಕೆ, ಎಲ್ಲವನ್ನೂ ನೋಡಬೇಕು. ಈ ಕೆಲಸದಿಂದಾಗಿ ಅಪ್ಪನ ಬಾಯಲ್ಲಿ ಅವಳು ಇನ್‌ಸ್ಪೆಕ್ಟರಮ್ಮ. ಮಕ್ಕಳ ಕಣ್ಣು ಚುರುಕು ನಿಜ, ಆದರೆ ಮನಸ್ಸು ಕೋತಿ. ದಿನಾ ನೋಡಿ ದಿನಾ ಏನೂ ಸಿಗದಿದ್ದರೆ ಯಾರಿಗಾದರೂ ಬೇಸರವೇ. ಅದಕ್ಕೆ ಅವಳು ತಂಡದಲ್ಲಿ ಹೊಸಬರಿಗೆ ಮಾಡುವ ಉಪಾಯವನ್ನೇ ಮನೆಗೂ ತಂದಿದ್ದಳು. ಆಗೀಗ ಒಂದು ಸಾಸಿವೆ ಕಾಳನ್ನು ಅಂಟಿನ ಚುಕ್ಕೆಯಿಂದ ಮೈಮೇಲೆ ಎಲ್ಲಾದರೂ ಅಂಟಿಸಿಕೊಳ್ಳುವುದು. ಸಿಕ್ಕರೆ ಮಗಳು ಗೆದ್ದಳು. ಯಾವ ದಿನ ಕಾಳಿದೆ, ಯಾವ ದಿನ ಇಲ್ಲ ಎಂದು ಗೊತ್ತಿಲ್ಲದ್ದರಿಂದ ಹುಡುಗಿ ದಿನವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದಳು. ಇದನ್ನು ಕೇಳಿ ಡಾಕ್ಟರಕ್ಕ ಕೂಡ ಭೇಷ್ ಅಂದಿದ್ದಳು.

ನಿನ್ನೆ ಸಂಜೆ ಕಾಳು ಕತ್ತಿನ ಹಿಂದೆ, ಕೂದಲಂಚಿನಲ್ಲಿತ್ತು. ಟಾರ್ಚು ಹಚ್ಚಿದ ಕೂಡಲೇ ಮಗಳಿಗೆ ಸಿಕ್ಕಿತ್ತು. "ಸಿಕ್ತು ಸಿಕ್ತು," ಎಂದು ಕುಣಿಯುತ್ತ ಅದನ್ನು ಅಜ್ಜಿಗೆ ತೋರಿಸಲು ಓಡಿದ್ದಳು. ಇವಳೂ ನಗುತ್ತ ಎದ್ದು ಅಂಗಿ ತೊಟ್ಟುಕೊಂಡಿದ್ದಳು. ಊಟಕ್ಕೆ ಹೊತ್ತಾಗಿತ್ತು.

ಈಗ ಚಿಮಟದ ತುದಿಯಲ್ಲಿ ಕಾಲಾಡಿಸುತ್ತಿದ್ದ ಜೀವವನ್ನು ನೋಡುತ್ತ ಅವಳಿಗೆ ಎಲ್ಲ ಬಿಡಿಬಿಡಿಯಾಗಿ ಹೊಳೆಯಿತು. ಮಗಳು ಹುಡುಕುವುದನ್ನು ಕಲಿತಿದ್ದಳು. ಸಿಕ್ಕ ಮೇಲೂ ಹುಡುಕಬೇಕೆಂದು ಇವಳು ಕಲಿಸಿರಲಿಲ್ಲ.

ಉಣ್ಣಿಯನ್ನು ಸೀಸೆಗೆ ಹಾಕಿ, ಸೀಸೆಯನ್ನು ಜೇಬಿಗಿಳಿಸಿ, ಗಾಯ ತೊಳೆದು ಹೊರಗೆ ಬಂದರೆ ಬಾಗಿಲೆದುರೇ ಮಗಳು ನಿಂತಿದ್ದಳು. ಮಡಿಲಲ್ಲಿ ಕ್ಲಿಪ್ಪುಗಳು ಹಾಗೇ ಇದ್ದವು.

"ಚಾದರ ಬಿದ್ದೋಯ್ತು."

"ಬೀಳಲಿ ಬಿಡು. ಮನೆ ಕೆಳಗೇ ಲಾಂಡ್ರಿ ಇದೆಯಲ್ಲ."

ಮಗಳು ಅಮ್ಮನನ್ನು ದಾಟಿ ಒಳಗಿನ ಗೋಡೆಯನ್ನು ನೋಡಿದಳು. ಮೊಳೆಯ ಮೇಲೆ ಚಿಮಟ ಇರಲಿಲ್ಲ. ಅದಿನ್ನೂ ಇವಳ ಮುಷ್ಟಿಯಲ್ಲೇ ಇತ್ತು.

"ಕಾಲಿಗೆ ಮುಳ್ಳು ಚುಚ್ಚಿತ್ತು," ಎಂದಳು ಅಮ್ಮ.

"ಯಾವ ಕಾಲಿಗೆ?"

"ಎಡಗಾಲಿಗೆ."

ಮಗಳು ಅಮ್ಮನ ಎಡಗಾಲನ್ನು ನೋಡಿದಳು. ಮತ್ತೇನೂ ಕೇಳದೆ ಮೆಟ್ಟಿಲು ಹತ್ತಿ ಹೋದಳು, ಬಿದ್ದ ಚಾದರವನ್ನು ತರಲು.

ಮನಸ್ಸಿಗೆ ತಟ್ಟಿದ್ದನ್ನು ಮತ್ತೆ ಕೇಳದೆ ಇರುವುದು ಆ ಹುಡುಗಿಯ ಸ್ವಭಾವ. ಲಾಂಡ್ರಿಯ ಮೇಲಿನ ಹಲಗೆಯಲ್ಲಿ ಒಂದು ನೀಲಿ ಶಾಲು ಮಡಿಸಿಟ್ಟಿತ್ತು. ಕಾಡಂಚಿನ ತೋಟದಾಕೆ ಹೋದ ವರ್ಷ ಒಗೆಯಲು ಕೊಟ್ಟು ಹೋದದ್ದು. "ಅವರು ಯಾವಾಗ ತಗೊಂಡು ಹೋಗ್ತಾರೆ?" ಎಂದು ಮಗಳು ಒಂದೇ ಸಲ ಕೇಳಿದ್ದಳು. ಅಪ್ಪ ಉತ್ತರಕ್ಕೆ ತಡಕಾಡುತ್ತಿದ್ದಾಗ, ಅಜ್ಜಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರು. ಕಾಡುಜ್ವರ ಬಂತು, ಆಸ್ಪತ್ರೆಗೆ ತಡವಾಗಿ ಹೋದಳು, ಉಳಿಯಲಿಲ್ಲ ಅಂತ. ಹುಡುಗಿ ಆಮೇಲೆ ಆ ವಿಷಯ ಎತ್ತಿಲ್ಲ. ಹಲಗೆಯ ಧೂಳು ಒರೆಸುವಾಗ ಮಾತ್ರ ಶಾಲನ್ನು ಎತ್ತಿ, ಒರೆಸಿ, ಮತ್ತೆ ಅದೇ ಜಾಗಕ್ಕೆ ಇಡುತ್ತಾಳೆ.

ಗಂಡನಿಗೆ ಹೇಳುವಾಗ ಇಸ್ತ್ರಿಮೇಜಿನ ಸುತ್ತ ಹಬೆ ತುಂಬಿತ್ತು. ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. ಕೆಲಸದ ನಡುವೆ ಅವನು ಹಾಗೆ ಮಾಡುವುದೇ ಕಡಿಮೆ.

"ಎಷ್ಟು ಹೊತ್ತಿಂದ ಕಚ್ಕೊಂಡಿತ್ತು?"

"ನಿನ್ನೆ ಮಧ್ಯಾಹ್ನದಿಂದ ಇರಬೇಕು."

"ಎಲ್ಲಾ ಉಣ್ಣೀಲೂ ಜ್ವರ ಇರಲ್ಲ ಅಂತ ನೀನೇ ಹೇಳ್ತಿದ್ದೆ."

"ಇರಲ್ಲ. ನೂರರಲ್ಲಿ ಎಲ್ಲೋ ಕೆಲವು."

"ಮತ್ತೆ?"

"ಮತ್ತೇನಿಲ್ಲ. ಆ ಕೆಲವು ಯಾವುವು ಅಂತ ಅವುಗಳ ಹಣೇಲಿ ಬರೆದಿರಲ್ಲ."

ಅವನು ಮೇಜಿನ ಮೇಲಿನ ಅಂಗಿಯ ಕಾಲರು ಸರಿಮಾಡಿ, "ಇನ್‌ಸ್ಪೆಕ್ಟರಮ್ಮಂಗೆ?" ಎಂದ.

"ಬೇಡ. ತಾನು ನೋಡದೆ ಬಿಟ್ಟಿದ್ರಿಂದ ಅಮ್ಮಂಗೆ ಹೀಗಾಯ್ತು ಅಂತ ಮನಸ್ಸಿಗೆ ಹಚ್ಕೊಂಡ್ರೆ? ನಾಳೆ ಜ್ವರ ಬಂದೇಬಿಟ್ರೆ? ಜನ್ಮ ಪೂರ್ತಿ ಹೊತ್ಕೊಂಡು ತಿರುಗ್ತಾಳೆ. ಆ ಶಾಲಿನ ತರ."

ಅವನು ಹೂಂ ಅಂದ. ಇಸ್ತ್ರಿಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ಓಣಿಯ ತಿರುವಿನಲ್ಲಿ ಜೀಪಿನ ಹಾರನ್ ಕೇಳಿಸಿತು.

ಡಾಕ್ಟರಕ್ಕ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಚೀಟಿ ಅಂಟಿಸಿ, ಪ್ರಯೋಗಾಲಯಕ್ಕೆ ಹೋಗುವ ಪೆಟ್ಟಿಗೆಯಲ್ಲಿಟ್ಟಳು. "ಇದರ ಫಲಿತಾಂಶ ಬರೋಕೆ ಸ್ವಲ್ಪ ದಿನ ಬೇಕು. ಅಲ್ಲಿವರೆಗೆ ಬೆಳಗ್ಗೆ ಸಂಜೆ ಜ್ವರ ನೋಡ್ಕೋ. ತಲೆನೋವು, ಮೈಕೈ ನೋವು ಏನೇ ಬರಲಿ, ಮೊದಲು ನಂಗೆ ಫೋನು, ಆಮೇಲೆ ನಿನ್ನ ಗಂಡಂಗೆ."

"ಅವರು ಬೇಜಾರು ಮಾಡ್ಕೋತಾರೆ."

"ಮಾಡ್ಕೊಳ್ಳಲಿ. ಅವರು ಇಸ್ತ್ರಿ ಹಾಕಿ ಜ್ವರ ಇಳಿಸೋಕಾಗುತ್ತಾ?"

ಆ ಸಂಜೆ ಮಗಳು ಎಂದಿನಂತೆ ಟಾರ್ಚು ಹಿಡಿದು ಬಚ್ಚಲುಮನೆಯ ಬಾಗಿಲಲ್ಲಿ ನಿಂತಾಗ ಅವಳು ಮೊದಲೇ ಯೋಚಿಸಿಟ್ಟ ಮಾತನ್ನು ಹೇಳಿದಳು. "ಇನ್ನು ಮೇಲೆ ಕನ್ನಡಿ ಹಿಡ್ಕೊಂಡು ನಾನೇ ನೋಡ್ಕೋತೀನಿ. ನಿಂಗೆ ಪರೀಕ್ಷೆ ಹತ್ರ ಬಂತು. ಓದ್ಕೋ ಹೋಗು."

ಕಂಕುಳಲ್ಲಿ ಕೆಂಪು ಗುರುತು ಇನ್ನೂ ಹಸಿಯಾಗಿತ್ತು. ಅದನ್ನು ಮಗಳು ನೋಡಬಾರದಿತ್ತು, ಅಷ್ಟೇ.

"ಹೂಂ," ಎಂದಳು ಮಗಳು. ಟಾರ್ಚನ್ನು ಚಿಮಟದ ಪಕ್ಕದ ಮೊಳೆಗೆ ನೇತುಹಾಕಿ, ದಾರ ನೇರವಾಗಿದೆಯೇ ಎಂದು ನೋಡಿ, ಹೋದಳು.

ಮೊಳೆಗೆ ಹೋದದ್ದು ಟಾರ್ಚು ಮಾತ್ರ, ಇನ್‌ಸ್ಪೆಕ್ಟರಿಕೆ ಹೋಗಲಿಲ್ಲ. ಕೆಲಸ ಕಳೆದುಕೊಂಡ ಅಧಿಕಾರಿಯಂತೆ ಅವಳು ಮನೆಯನ್ನೆಲ್ಲ ತಪಾಸಣೆಗೆ ಹಿಡಿದಳು. ಅಪ್ಪ ಊಟಕ್ಕೆ ಕೂತರೆ ಹಿಂದಿನಿಂದ ಬಂದು ಕಿವಿ ಮಡಿಸಿ ನೋಡುವುದು. ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದರೆ ಕತ್ತಿನ ಮೇಲೆ ಬೆರಳಾಡಿಸುವುದು.

"ನನ್ನ ಕಿವೀಲಿ ಏನೂ ಇಲ್ಲ ಕಣೆ ಕೂಸೇ," ಎಂದರು ಅಜ್ಜಿ ಕಣ್ಣು ತೆರೆಯದೆಯೇ. "ಇದ್ದಿದ್ರೆ ನಿಮ್ಮಪ್ಪನ ಮಾತಾದ್ರೂ ಕೇಳಿಸ್ತಿರಲಿಲ್ಲ. ನನ್ನ ಪುಣ್ಯ ಅಷ್ಟಿಲ್ಲ."

ಗಿರಾಕಿಗಳ ಗಂಟುಗಳೂ ತಪ್ಪಲಿಲ್ಲ. ಮೂಲೆಮನೆಯ ವಕೀಲರು ಕೋಟು ಕೊಡಲು ಬಂದಾಗ ಹುಡುಗಿ ಅದರ ಕಾಲರು, ತೋಳು, ಒಳಜೇಬುಗಳನ್ನೆಲ್ಲ ತಿರುವಿ ನೋಡುತ್ತಿದ್ದಳು.

"ನನ್ನ ಕೋಟಿಗೆ ಏನಾಗಿದೆ ಮರಿ?"

"ಇನ್ನೂ ಏನೂ ಆಗಿಲ್ಲ."

ವಕೀಲರು ಮೂವತ್ತು ವರ್ಷ ಸಾಕ್ಷಿಗಳನ್ನು ಪ್ರಶ್ನಿಸಿದವರು. ಈ ಉತ್ತರ ಕೇಳಿ ಅವರೂ ಕೋಟಿನ ಒಳಜೇಬನ್ನು ಇನ್ನೊಮ್ಮೆ ತಿರುವಿ ನೋಡಿದರು.

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆದರೆ ಒಂದು ಬೆಳಗಿನ ಜಾವ ಜ್ವರದ ಕಡ್ಡಿಯನ್ನು ನಾಲಿಗೆಯಡಿ ಇಟ್ಟುಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಾಗ, ಬಾಗಿಲ ಸಂದಿಯಲ್ಲಿ ಎರಡು ಬರಿಗಾಲು ಕಂಡವು. ಇವಳು ಕಡ್ಡಿ ತೆಗೆಯುವಷ್ಟರಲ್ಲಿ ಆ ಕಾಲುಗಳು ಇರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಮಗಳು ಹೊದಿಕೆ ಎಳೆದುಕೊಂಡು, ಬಹಳ ಅಚ್ಚುಕಟ್ಟಾಗಿ ನಿದ್ದೆ ಮಾಡುತ್ತಿದ್ದಳು. ನಿಜವಾಗಿ ನಿದ್ದೆ ಬಂದಾಗ ಅವಳು ಅಷ್ಟು ಅಚ್ಚುಕಟ್ಟಾಗಿ ಮಲಗುವವಳೇ ಅಲ್ಲ.

ಅತ್ತೆಗೆ ಯಾರೂ ಹೇಳಿರಲಿಲ್ಲ. ಅವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಎದುರುಬದುರು ನಿಂತು ದೊಡ್ಡ ಹೊದಿಕೆಗಳನ್ನು ಮಡಿಸುತ್ತಿದ್ದಾಗ ತಾವಾಗಿಯೇ ಶುರುಮಾಡಿದರು.

"ಬೆಕ್ಕು ಕಣ್ಮುಚ್ಚಿ ಹಾಲು ಕುಡೀತಂತೆ. ನೀವಿಬ್ರೂ ಅಂಥವರೇ."

"ಏನತ್ತೆ?"

"ಮೂಲೆ ಸರಿಯಾಗಿ ಹಿಡಿ. ಜ್ವರದ ಕಡ್ಡಿ ಉಪ್ಪಿನ ಡಬ್ಬಿ ಹಿಂದೆ ಇಟ್ಟಿದೀಯ. ಉಪ್ಪು ನಾನು ಮುಟ್ಟಲ್ವಾ?" ಹೊದಿಕೆಯ ಎರಡು ತುದಿ ಕೂಡಿದವು. "ನಂಗೆ ಹೇಳದಿದ್ರೆ ಚಿಂತೆ ಇಲ್ಲ, ನಾನು ಹಳೇ ಪಾತ್ರೆ, ತಟ್ಟಿದ್ರೂ ಸದ್ದು ಬರಲ್ಲ. ಆ ಕೂಸಿಗೆ ಹೇಳು."

"ಅವಳು ಕೇಳಿದ್ರೆ ಹೇಳ್ತೀನಿ ಅತ್ತೆ. ಸುಳ್ಳು ಹೇಳಲ್ಲ. ಕೇಳ್ತಾನೇ ಇಲ್ಲ ಅವಳು."

"ಬಾಗಿಲು ಹಾಕ್ಕೊಂಡು, ಯಾರೂ ಒಳಗೇ ಬರಲಿಲ್ಲ ಅಂದ್ರಂತೆ." ಅತ್ತೆ ಮಡಿಸಿದ ಹೊದಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ಎದೆಗೊತ್ತಿ ಗಾಳಿ ತೆಗೆದರು. "ಸೊಪ್ಪು ಹಾಕದಿದ್ರೆ ಆಡು ಹತ್ರ ಬರುತ್ತಾ?"

ಅವಳು ಮುಂದಿನ ಹೊದಿಕೆಯ ಮೂಲೆಗಳನ್ನು ಹುಡುಕಿ ಹಿಡಿದಳು. ಇನ್ನು ಕೆಲವು ದಿನ ಕಳೆದರೆ ಜ್ವರ ಬರುವ ಕಾಲವೇ ಮುಗಿಯುತ್ತದೆ, ಆಮೇಲೆ ಹೇಳುವುದಕ್ಕೆ ಏನು ಉಳಿದಿರುತ್ತದೆ ಎಂದುಕೊಂಡಳು.

ಆ ವಾರದಲ್ಲೇ ಒಂದು ದಿನ ಕಾಡಿನಲ್ಲಿ ಅವಳ ತಲೆ ಸಿಡಿಯಲಾರಂಭಿಸಿತು. ಮರ ಕಡಿದ ಬಯಲಿನ ಪಕ್ಕದ ಗೆರೆಯಲ್ಲಿ ಬಟ್ಟೆ ಎಳೆಯುತ್ತಿದ್ದಳು. ಬಿಳಿ ಬಟ್ಟೆ ತರಗೆಲೆಯ ಮೇಲೆ ಸರಸರ ಹರಿದು ಬರುತ್ತಿತ್ತು. ನಿಂತು, ಮಗುಚಿ, ಬಾಗಿ ನೋಡಿದಾಗ ಉಣ್ಣಿಮರಿಗಳು ಬಟ್ಟೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಂಡವು. ಬೇರೆ ದಿನವಾದರೆ ಒಂದೊಂದಾಗಿ ಎತ್ತುತ್ತಿದ್ದಳು. ಅಂದು ಅವು ಕದಲುವುದೂ ತನ್ನ ಹಣೆಯ ನರ ಬಡಿಯುವುದೂ ಒಂದೇ ತಾಳದಲ್ಲಿದ್ದಂತೆ ಅನ್ನಿಸಿ ಕೋಲು ಕೆಳಗಿಟ್ಟಳು.

ಡಾಕ್ಟರಕ್ಕ ಸ್ವಲ್ಪ ದೂರದಲ್ಲಿ ಮೊಣಕಾಲೂರಿ ಬೋನಿನ ಇಲಿಯೊಂದನ್ನು ತೂಗುತ್ತಿದ್ದಳು. ತೂಗುವ ಬಟ್ಟೆಚೀಲದೊಳಗಿಂದ ಅದರ ಮೂತಿ ಮಾತ್ರ ಹೊರಗಿತ್ತು. ಇವಳ ಮುಖ ನೋಡಿದ್ದೇ ಇಲಿಯನ್ನು ನೆಲಕ್ಕೆ ಬಿಟ್ಟಳು. ಅದು ಎರಡು ಕ್ಷಣ ಕೂತು ಮೀಸೆ ಸವರಿಕೊಂಡು, ಬೇರಿನಡಿಗೆ ನುಗ್ಗಿತು.

"ಕೂತ್ಕೋ. ಬಾಯಿ ತೆಗಿ."

ಮರದ ಬುಡದಲ್ಲಿ ಕೂತು, ಕಡ್ಡಿ ನಾಲಿಗೆಯಡಿ ಇಟ್ಟುಕೊಂಡು, ಅವಳು ಮೇಲೆ ನೋಡಿದಳು. ಕಾಯಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಮುಂದಿನ ವರ್ಷದ ಇಲಿ, ಅದರ ಮುಂದಿನ ವರ್ಷದ ಉಣ್ಣಿ, ಎಲ್ಲವೂ ಈಗಲೇ ಅಲ್ಲಿ ನೇತಾಡುತ್ತಿರುವಂತೆ ಕಂಡಿತು. ಜ್ವರ ಬಂದು ಮಲಗುವುದರ ಯೋಚನೆ ಬರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಒಂದು ಮಾತೂ ಕೇಳದೆ ನಿಂತಿರುವ ಮಗಳ ಮುಖ ಮಾತ್ರ ಬಂತು.

ಡಾಕ್ಟರಕ್ಕ ಕಡ್ಡಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಏನೂ ಇಲ್ಲ. ಬೆಳಗ್ಗೆ ಏನು ತಿಂದೆ?"

"ಚಹಾ."

"ಚಹಾ ತಿನ್ನೋದಲ್ಲ. ಟೋಪಿ ಎಲ್ಲಿ?"

"ಜೀಪಲ್ಲಿ."

"ಜೀಪಿಗೆ ತಲೆನೋವಿಲ್ಲ ನೋಡು, ಆರಾಮಾಗಿದೆ," ಎಂದು ಡಾಕ್ಟರಕ್ಕ ತನ್ನ ಡಬ್ಬಿಯ ಅನ್ನವನ್ನು ಅವಳ ತೊಡೆಯ ಮೇಲಿಟ್ಟಳು. ಉಂಡ ಮೇಲೆ ತಲೆನೋವು ಇಳಿಯಿತು. ಇಬ್ಬರೂ ಉಳಿದ ಗೆರೆ ಮುಗಿಸಿದರು.

ಫಲಿತಾಂಶ ಬಂದದ್ದು ಅವಳು ಜೀಪಿನಿಂದ ಇಳಿಯುವ ಹೊತ್ತಿಗೆ. ಡಾಕ್ಟರಕ್ಕ ಫೋನು ಕಿವಿಯಿಂದ ತೆಗೆದು, "ನಿನ್ನ ಉಣ್ಣಿ ಸಂಭಾವಿತ ಕಣೆ. ಏನೂ ಹೊತ್ಕೊಂಡಿರಲಿಲ್ಲ," ಎಂದಳು. ಅಷ್ಟರಲ್ಲಿ ಜ್ವರ ಬರುವ ಅವಧಿಯೂ ಹೆಚ್ಚುಕಡಿಮೆ ಮುಗಿದಿತ್ತು. ಅವಳು ಓಣಿಯುದ್ದಕ್ಕೂ ಬೂಟು ಎಳೆಯದೆ ನಡೆದಳು. ಗಂಡ ಸುದ್ದಿ ಕೇಳಿ, ಯಾವುದೋ ಅಂಗಿಯ ಒಂದೇ ತೋಳಿಗೆ ಎರಡು ಸಲ ಇಸ್ತ್ರಿ ಹಾಕಿದ. ಜ್ವರದ ಕಡ್ಡಿ ಉಪ್ಪಿನ ಡಬ್ಬಿಯ ಹಿಂದಿನಿಂದ ಔಷಧದ ಪೆಟ್ಟಿಗೆಗೆ ಮರಳಿತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡಳು. ಮುಗಿಯಿತಲ್ಲ.

ಅದೇ ಸಂಜೆ ಅವಳು ತನ್ನ ತಪಾಸಣೆ ಮುಗಿಸಿ ಬಂದಾಗ ಮಗಳು ಬಾಗಿಲ ಬಳಿ ಕಾಯುತ್ತಿದ್ದಳು.

"ನನ್ನನ್ನೂ ನೋಡು. ಇವತ್ತು ಮೈದಾನದ ಹುಲ್ಲಲ್ಲಿ ಕೂತಿದ್ದೆ."

ತಾನಾಗಿ ಬಂದು ಏನಾದರೂ ಕೇಳಿದಳಲ್ಲ ಎಂದು ಅವಳಿಗೆ ಹಿಗ್ಗಾಯಿತು. ಮಣೆಯ ಮೇಲೆ ಕೂರಿಸಿ, ಟಾರ್ಚು ಹಚ್ಚಿ ಕಾಲಿನಿಂದ ಶುರುಮಾಡಿದಳು. ಎಡ ಮೊಣಕಾಲಿನ ಹಿಂದೆ ಏನೋ ಕಪ್ಪಗೆ ಕಂಡು ಟಾರ್ಚನ್ನು ಹತ್ತಿರ ತಂದಳು. ಉಗುರಿನಿಂದ ಮುಟ್ಟಿದರೆ ಗಟ್ಟಿ. ಅಂಟಿನ ಚುಕ್ಕೆಯ ಮೇಲೆ ಕೂತ ಸಾಸಿವೆ ಕಾಳು.

"ಕಳ್ಳಿ, ನನ್ನ ಆಟ ನಂಗೇ ತಿರುಗಿಸ್ತೀಯಾ?" ಎಂದು ನಗುತ್ತ ಅವಳನ್ನು ಎಳೆದು ಅಪ್ಪಿಕೊಂಡಳು. "ಸಿಕ್ತು ನೋಡು. ಗೆದ್ದೆ."

ಮಗಳು ಅಪ್ಪುಗೆಯೊಳಗೆ ಮರದ ತುಂಡಿನಂತೆ ನಿಂತಿದ್ದಳು. "ಅಷ್ಟೇನಾ?" ಎಂದಳು.

"ಇನ್ನೇನು, ಬಹುಮಾನ ಬೇಕಾ?"

"ಬೇಡ."

ಅಂಗಿಯ ಗುಂಡಿ ಹಾಕಿಕೊಂಡು ಅವಳು ಹೋದ ರೀತಿ ಅಮ್ಮನಿಗೆ ಯಾಕೋ ಸರಿಬರಲಿಲ್ಲ. ಪರೀಕ್ಷೆಯ ಆಯಾಸವಿರಬೇಕೆಂದು ಸಮಾಧಾನ ಮಾಡಿಕೊಂಡಳು. ಮನಸ್ಸು ಹಗುರವಾಗಿರುವ ದಿನ ಎಲ್ಲಕ್ಕೂ ಒಂದು ಸಮಾಧಾನ ಸಿಕ್ಕಿಬಿಡುತ್ತದೆ.

ಮರುದಿನ ಬೆಳಗ್ಗೆ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ಬಲಕಿವಿಯ ಹಿಂದೆ ಬಾಚಣಿಗೆ ತಡೆಯಿತು. ಸಿಕ್ಕು ಇರಬೇಕೆಂದು ಕೂದಲು ಬಿಡಿಸಿದಳು. ನಾಲ್ಕು ಕೂದಲೆಳೆ ಅಂಟಿನಲ್ಲಿ ಸಿಕ್ಕಿಕೊಂಡಿದ್ದವು. ಅದರ ನಡುವೆ ಇನ್ನೊಂದು ಸಾಸಿವೆ ಕಾಳು.

ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ಮಗಳು ತಿರುಗಲಿಲ್ಲ. ಅವಳ ಬೆನ್ನು ನೆಟ್ಟಗಿತ್ತು, ಹೆಗಲುಗಳು ಕಿವಿಯತ್ತ ತುಸು ಏರಿದ್ದವು. ಬೀದಿಯಲ್ಲಿ ಯಾರೋ ಅಂಗಡಿಯ ಕದ ಎತ್ತಿದರು. ಕೆಳಗೆ ತೊಳೆಯುವ ಯಂತ್ರ ತಿರುಗಲಾರಂಭಿಸಿ ನೆಲ ಸಣ್ಣಗೆ ಅದುರಿತು.

ಒಂದು ಸುಲಭದ ಜಾಗದಲ್ಲಿ, ಒಂದು ಕಷ್ಟದ ಜಾಗದಲ್ಲಿ. ಮೊದಲನೆಯದು ಸಿಕ್ಕಾಗ ಅಮ್ಮನೂ ನಿಲ್ಲಿಸುತ್ತಾಳೋ ಇಲ್ಲವೋ ಎಂದು ಈ ಹುಡುಗಿ ಪರೀಕ್ಷಿಸಿ ನೋಡಿದ್ದಳು. ಅಮ್ಮ ನಿಲ್ಲಿಸಿದ್ದಳು. ನಕ್ಕು, ಅಪ್ಪಿಕೊಂಡು, ಗೆದ್ದೆ ಅಂದಿದ್ದಳು. ಹಾಗಾದರೆ ಮಗಳಿಗೆ ಗೊತ್ತಿದೆ. ಎಡಗಾಲಿನ ಮುಳ್ಳಿನ ದಿನದಿಂದಲೇ ಗೊತ್ತಿದೆ. ಗೊತ್ತಿದ್ದೂ ಕಿವಿಗಳನ್ನೂ ಕೋಟುಗಳನ್ನೂ ಹುಡುಕುತ್ತ ಒಬ್ಬಳೇ ತಿರುಗಿದ್ದಾಳೆ.

ಕಾಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವಳು ಜಡೆ ಮುಗಿಸಿದಳು. ಬಿಗಿಯಾಗಬಾರದೆಂದು ನಿಧಾನವಾಗಿ ಹೆಣೆದಳು. ಹೇಳಿಬಿಡಲೇ ಎಂದು ಬಾಯಿಯವರೆಗೂ ಬಂತು. ಹೇಳಿದರೆ ಅದು ತನ್ನ ಮಾತಾಗುತ್ತದೆ, ತನ್ನ ಹೊರೆ ಇಳಿಯುತ್ತದೆ, ಆದರೆ ಮಗಳು ಕೇಳದೆ ಒಳಗಿಟ್ಟುಕೊಂಡದ್ದು ಅಲ್ಲೇ ಉಳಿಯುತ್ತದೆ ಅನ್ನಿಸಿತು. ಅತ್ತೆ ಹೇಳಿದ ಬಾಗಿಲು ನೆನಪಾಯಿತು. ಬಾಗಿಲು ತೆರೆಯುವುದು ತನ್ನ ಕೆಲಸ. ಒಳಗೆ ಬರುವುದು ಅವಳದು.

ಹಾರನ್ ಕೇಳಿಸಿತು. "ಸಂಜೆ ಬೇಗ ಬರ್ತೀನಿ," ಎಂದಳು.

"ಹೂಂ," ಎಂದಳು ಮಗಳು.

ಸಂಜೆ ಬೂಟು ಹೊರಗೆ, ಬಟ್ಟೆ ಚೀಲಕ್ಕೆ, ಚೀಲ ಯಂತ್ರಕ್ಕೆ. ಎಲ್ಲ ಎಂದಿನಂತೆಯೇ. ಆಮೇಲೆ ಅವಳು ಟಾರ್ಚನ್ನು ಮೊಳೆಯಿಂದ ತೆಗೆದು, ಮೇಜಿನ ಮುಂದೆ ಓದುತ್ತ ಕೂತಿದ್ದ ಮಗಳೆದುರು ಇಟ್ಟಳು.

"ಇನ್‌ಸ್ಪೆಕ್ಟರಮ್ಮನ ರಜೆ ಮುಗೀತು. ಕೆಲಸಕ್ಕೆ ಬನ್ನಿ."

ಮಗಳು ಟಾರ್ಚನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಪರೀಕ್ಷೆ?"

"ಪರೀಕ್ಷೆ ಅರ್ಧ ಗಂಟೆ ಕಾಯುತ್ತೆ."

"ಸಾಸಿವೆ ಹಾಕಿದೀಯಾ?"

"ಹೇಳಿದ್ರೆ ಆಟ ಹೇಗಾಗುತ್ತೆ?"

ಬಚ್ಚಲುಮನೆಯ ಮಣೆಯ ಮೇಲೆ ಕೂತು ಅವಳು ತಲೆ ಬಗ್ಗಿಸಿದಳು. ಮಗಳ ಬೆರಳುಗಳು ತಣ್ಣಗಿದ್ದವು, ಪೆನ್ಸಿಲಿನ ವಾಸನೆಯಿತ್ತು. ಕೂದಲನ್ನು ಪದರ ಪದರವಾಗಿ ಬಿಡಿಸಿ ನೋಡಿದಳು. ಎಡಕಿವಿ, ಬಲಕಿವಿ. ಕತ್ತಿನ ಹಿಂದೆ ಬೆರಳು ನಿಂತಿತು. ಉಗುರು ಮೀಟಿತು. ಕಾಳು ನೆಲಕ್ಕೆ ಬಿದ್ದು ಉರುಳಿ ನೀರು ಹೋಗುವ ಜಾಲರಿಯ ಹತ್ತಿರ ನಿಂತಿತು.

ಸಿಕ್ತು ಅನ್ನಲಿಲ್ಲ ಮಗಳು. ಟಾರ್ಚನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದುವರಿದಳು. ಬೆನ್ನೆಲುಬಿನುದ್ದಕ್ಕೂ ಇಳಿದಳು. ಸೊಂಟದ ಪಟ್ಟಿ ಒತ್ತಿದ ಗೆರೆಯನ್ನು ಬೆರಳಿಂದ ಸವರಿ ನೋಡಿದಳು. ಮೊಣಕಾಲ ಹಿಂದೆ, ಕಾಲ್ಬೆರಳ ಸಂದಿಗಳಲ್ಲಿ, ಎಡಗಾಲಿನ ಅಂಗಾಲಿನಲ್ಲೂ ನೋಡಿದಳು. ಅಲ್ಲಿ ಯಾವ ಮುಳ್ಳಿನ ಗುರುತೂ ಇರಲಿಲ್ಲ. ಅದನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಅತ್ತೆ ಅಡುಗೆಮನೆಯಿಂದ ಊಟಕ್ಕೆ ಕರೆದರು. ಮಗಳು ಟಾರ್ಚಿನ ಬೆಳಕನ್ನು ಮೇಲಕ್ಕೆತ್ತಿದಳು. ಅತ್ತೆ ಮತ್ತೆ ಕರೆಯಲಿಲ್ಲ.

"ಕೈ ಎತ್ತು," ಎಂದಳು ಮಗಳು.

ಅವಳು ಎಡಗೈ ಎತ್ತಿದಳು. ಆಮೇಲೆ ಬಲಗೈ ಎತ್ತಿದಳು, ತಂತಿಗೆ ಚಾದರ ಹರವುವಾಗ ಎತ್ತಿದಷ್ಟೇ ಎತ್ತರಕ್ಕೆ.

ಟಾರ್ಚಿನ ಬೆಳಕು ಚರ್ಮದ ಮಡಿಕೆಯಲ್ಲಿ ಬೆಚ್ಚಗೆ ಬಿತ್ತು. ಆ ಕೆಂಪು ಈಗ ಮಾಸಿ, ಒಂದು ಸಣ್ಣ ತಿಳಿಗಂದು ಚುಕ್ಕೆಯಾಗಿತ್ತು. ಮಗಳು ಅದರ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಬೆರಳನ್ನು ತೆಗೆಯಲೂ ಇಲ್ಲ. ಅವಳ ಉಸಿರು ಅಮ್ಮನ ಪಕ್ಕೆಗೆ ತಾಗುತ್ತಿತ್ತು. ಅಮ್ಮ ಕೈ ಇಳಿಸದೆ, ತೋಳು ಸೋಲುತ್ತಿದ್ದರೂ ಇಳಿಸದೆ, ಕಾದಳು.

"ಅಮ್ಮಾ," ಎಂದಳು ಮಗಳು, "ಅವತ್ತು ಎರಡಿತ್ತಾ?"